ಒಂದು ಮಾತು ಕೇಳಬಹುದಿತ್ತಲ್ವಾ?

ಫ್ಯಾನ್ ಫಿಕ್ಷನ್ ಅಂದ್ರೆ ಗೊತ್ತಲ್ವಾ? ನಮಗಿಷ್ಟವಾದ ಕಾದಂಬರಿಯದೋ ಟೀವಿ ಸರಣಿಯದೋ ಪಾತ್ರಗಳನ್ನು ಎತ್ತಿಕೊಂಡು, ಮೂಲ ಲೇಖಕರು ಬರೆಯದೇ ಬಿಟ್ಟ ಕತೆಯನ್ನು ನಾವೇ ಬರೆಯೋದು. ದುಡ್ಡಿಗಲ್ಲ, ಖುಷಿಗೆ. ಇಂಗ್ಲಿಷಿನಲ್ಲಿ ಇದರದ್ದೇ ಒಂದು ದೊಡ್ಡ ಲೋಕ ಇದೆ. ನಾನು ಅಲ್ಲಿ ಓದುವವಳು. (ಗುಟ್ಟಾಗಿ ಒಂದೆರಡು ಬರೆದದ್ದೂ ಉಂಟು, ಲಿಂಕ್ ಕೇಳಬೇಡಿ!)

ಪತ್ರಿಕೆ, ಟೀವಿಯವರು ಈ ಲೋಕದ ಕಡೆ ತಿರುಗಿದಾಗಲೆಲ್ಲ ಅಲ್ಲಿನವರು ಸಿಡಿದೇಳುತ್ತಾರೆ. ಇದೇನಪ್ಪಾ ಇಷ್ಟು ಮೂಗಿನ ತುದಿಯಲ್ಲಿ ಕೋಪ ಅಂತ ಮೊದಮೊದಲು ನನಗೂ ಅನಿಸ್ತಿತ್ತು. 2013ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ನಡೆದದ್ದನ್ನು ಓದಿದ ಮೇಲೆ ಹಾಗೆ ಅನಿಸೋದು ನಿಂತಿತು.

ಬಿಬಿಸಿಯ 'ಷರ್ಲಾಕ್' ಮೂರನೇ ಸರಣಿಯ ಮೊದಲ ಕಂತಿನ ವಿಶೇಷ ಪ್ರದರ್ಶನ. ಜೊತೆಗೆ ಸಂವಾದ. ನಡೆಸಿಕೊಟ್ಟವರು ಪತ್ರಕರ್ತೆ ಕೇಟ್ಲಿನ್ ಮೊರಾನ್. ಷರ್ಲಾಕ್ ಮತ್ತು ಜಾನ್ ಪ್ರೇಮಿಗಳಾಗಿರುವ ಒಂದು ಫ್ಯಾನ್ ಫಿಕ್ಷನ್ನನ್ನು ತಂದು, ಆ ಪಾತ್ರಗಳನ್ನು ಮಾಡಿದ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಮತ್ತು ಮಾರ್ಟಿನ್ ಫ್ರೀಮನ್ ಕೈಗಿಟ್ಟು, ಎಲ್ಲರೆದುರು ಓದಿಸಿದರು. ನಟರಿಗೆ ಮುಜುಗರ. ಬರೆದವರನ್ನಂತೂ ಯಾರೂ ಕೇಳಿರಲೇ ಇಲ್ಲ.

ತಮಾಷೆ ನೋಡಿ, ಅವತ್ತು ತೋರಿಸಿದ ಕಂತಿನಲ್ಲೇ ಅಭಿಮಾನಿಗಳ ಒಂದು ಗುಂಪು ಇದೆ. ಷರ್ಲಾಕ್ ಸಾವಿನಿಂದ ಹೇಗೆ ಪಾರಾದ ಅಂತ ಅವರು ತಲೆಗೊಂದು ಕತೆ ಕಟ್ಟುತ್ತಾರೆ. ಅಷ್ಟೇ ಯಾಕೆ, ಆ ಸರಣಿ ಮಾಡಿದ ಸ್ಟೀವನ್ ಮೊಫಾಟ್, ಮಾರ್ಕ್ ಗೇಟಿಸ್ ಇಬ್ಬರೂ ಕಾನನ್ ಡಾಯ್ಲ್ ಅಭಿಮಾನಿಗಳೇ. ಸಂಬಳ ತಗೊಂಡು ಮಾಡಿದರೆ ಕಲೆ, ಪುಕ್ಕಟೆ ಮಾಡಿದರೆ ನಗೆಪಾಟಲು!

'ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಿದ್ದಾರೆ, ಓದಿದರೇನು ತಪ್ಪು?' ಅನ್ನುವವರಿದ್ದಾರೆ. ಜಗಲಿ ಮೇಲೆ ಕೂತು ನಾಲ್ಕು ಜನ ಮಾತಾಡಿದ್ದು ದಾರಿಹೋಕರಿಗೂ ಕೇಳಿಸುತ್ತೆ. ಹಾಗಂತ ಅದನ್ನು ಜಾತ್ರೆಯ ಮೈಕಿನಲ್ಲಿ ಹೇಳ್ತೀವಾ?

ಇನ್ನು ಹೊಗಳುವವರ ಕತೆ. 'ಟ್ವೈಲೈಟ್'ನ ಫ್ಯಾನ್ ಫಿಕ್ಷನ್ ಆಗಿ ಹುಟ್ಟಿದ 'ಫಿಫ್ಟಿ ಶೇಡ್ಸ್ ಆಫ್ ಗ್ರೇ' 2012ರಲ್ಲಿ ಜಗತ್ತಿಡೀ ಮಾರಾಟವಾಯ್ತು ನೋಡಿ, ಆಮೇಲೆ ಬಂದ ಲೇಖನಗಳಲ್ಲಿ ನಾನು ಓದಿದ ಹೆಚ್ಚಿನವು ದುಡ್ಡು ಮತ್ತು ಮಂಚ, ಇವೆರಡನ್ನು ಬಿಟ್ಟು ಆಚೆ ಹೋಗಲಿಲ್ಲ. 2025ರಲ್ಲಿ ಹ್ಯಾರಿ ಪಾಟರ್ ಫ್ಯಾನ್ ಫಿಕ್ಷನ್ ಒಂದು ಹೆಸರು ಬದಲಿಸಿ 'ಆಲ್ಕೆಮೈಸ್ಡ್' ಅಂತ ಪುಸ್ತಕವಾದಾಗ ಮತ್ತದೇ ರಾಗ: ನೋಡಿ, ಇವರೂ ಲೇಖಕರಾದರು! ಅಲ್ಲಾ ಸ್ವಾಮಿ, ಅಲ್ಲಿಯವರೆಗೆ ಏನಾಗಿದ್ರು? ಗೇಲಿಗಿಂತ ಈ ಬೆನ್ನು ತಟ್ಟುವಿಕೆಯೇ ನನಗೆ ಹೆಚ್ಚು ಕಿರಿಕಿರಿ.

ಹಾಗಂತ ಅಭಿಮಾನಿಗಳ ಎಲ್ಲ ಮಾತಿಗೂ ನಾನು ತಲೆಯಾಡಿಸಲ್ಲ. 'ನಮ್ಮ ಬಗ್ಗೆ ಯಾರೂ ಬರೆಯಲೇಬಾರದು' ಅನ್ನೋ ಗುಂಪೊಂದಿದೆ. ಅದು ಆಗುವ ಹೋಗುವ ಮಾತಲ್ಲ, ಬೇಕಾಗಿಯೂ ಇಲ್ಲ. 2007ರಲ್ಲಿ ಫ್ಯಾನ್‌ಲಿಬ್ ಅನ್ನೋ ಕಂಪನಿ ಇವರ ಕತೆಗಳಿಂದ ಲಾಭ ಮಾಡಲು ಹೊರಟಾಗ ಅಭಿಮಾನಿಗಳು ಬೈದು ಸುಮ್ಮನೆ ಕೂರಲಿಲ್ಲ. ತಮ್ಮದೇ ಸಂಸ್ಥೆ ಕಟ್ಟಿದರು. 2009ರಲ್ಲಿ 'ಆರ್ಕೈವ್ ಆಫ್ ಅವರ್ ಓನ್' ತೆರೆಯಿತು. ಜಾಹೀರಾತಿಲ್ಲ, ದೇಣಿಗೆಯಿಂದಲೇ ನಡೆಯುತ್ತೆ. ಬೇಕಿದ್ದವರು ಸದಸ್ಯರಿಗೆ ಮಾತ್ರ ಕಾಣುವ ಹಾಗೆ ಕತೆಗೆ ಬೀಗ ಹಾಕಿಕೊಳ್ಳಬಹುದು. 2019ರಲ್ಲಿ ಡಬ್ಲಿನ್ನಿನಲ್ಲಿ ಅದಕ್ಕೆ ಹ್ಯೂಗೋ ಪ್ರಶಸ್ತಿ ಬಂತು. ಸ್ವೀಕರಿಸಿದ ಕಾದಂಬರಿಗಾರ್ತಿ ನವೋಮಿ ನೋವಿಕ್, ಇದರಲ್ಲಿ ಪಾಲಿರುವವರೆಲ್ಲ ಎದ್ದು ನಿಲ್ಲಿ ಅಂದರು. ಸಭಾಂಗಣದ ತುಂಬ ಜನ ಎದ್ದು ನಿಂತರು. ಯಾರೂ ಅವರ ಕತೆ ಕಿತ್ತುಕೊಂಡು ಓದಲಿಲ್ಲ, ತಾವಾಗಿ ಎದ್ದರು. ನನಗೆ ಕಣ್ಣು ತುಂಬಿ ಬಂತು ಕಣ್ರೀ.

ಅಂದಹಾಗೆ, ಲಂಡನ್ನಿನಲ್ಲಿ ಓದಿಸಿದ ಆ ಕತೆಯ ಹೆಸರು, ಬರೆದವರ ಹೆಸರು ಎರಡೂ ಹುಡುಕಿದರೆ ಸಿಗುತ್ತೆ. ಇಲ್ಲಿ ಹಾಕಿಲ್ಲ. ಅವರನ್ನು ನಾನೂ ಕೇಳಿಲ್ಲವಲ್ಲ.