ಚಿತ್ರ ಕುಂದಲಿ, ಕಾಲ ಕುಂದದಿರಲಿ

ಗಣಕಯಂತ್ರದ ತೆರೆಯ ಮೇಲೆ ವಿಮಾನ ನಡೆಸುವಾತನಿಗೆ ಸೆಕೆಂಡಿಗೆ 30 ಚಿತ್ರಗಳು ಕಾಣಬೇಕಾದರೆ, ಒಂದೊಂದನ್ನೂ ಸುಮಾರು 33 ಮಿಲಿಸೆಕೆಂಡುಗಳಲ್ಲಿ ರಚಿಸಿ ಮುಗಿಸಬೇಕು. ಎತ್ತರದ ಆಕಾಶದಲ್ಲಿ ಇದು ಸುಲಭ. ಮಹಾನಗರವೊಂದರ ಬಳಿ ಇಳಿಯುವಾಗ ಕಟ್ಟಡಗಳ, ಮರಗಳ ಭಾರದಿಂದ ಯಂತ್ರವು ಬಳಲುತ್ತದೆ. ಚಿತ್ರಗಳ ಸಂಖ್ಯೆ ಸೆಕೆಂಡಿಗೆ ಸುಮಾರು 20ಕ್ಕಿಂತ ಕೆಳಗಿಳಿದರೆ ‘ಎಕ್ಸ್-ಪ್ಲೇನ್’ ಎಂಬ ತಂತ್ರಾಂಶವು ಕಾಲವನ್ನೇ ನಿಧಾನಗೊಳಿಸುತ್ತದೆ. ಇಳಿಯುವ ಕೌಶಲವಾದರೋ ಕಾಲದ ಅಂದಾಜನ್ನೇ ನೆಚ್ಚಿದೆ. ಸುಳ್ಳು ಗಡಿಯಾರದ ಮುಂದೆ ಪಳಗಿದ ಕೈ ನಿಜವಾದ ವಿಮಾನದಲ್ಲಿ ತಡವರಿಸೀತು.

ಆದುದರಿಂದ, ಚಿತ್ರಗಳ ವೇಗವನ್ನು ಕ್ಷಣಕ್ಷಣವೂ ಅಳೆದು ದೃಶ್ಯದ ವಿವರಗಳನ್ನು ತಾನಾಗಿಯೇ ಹೆಚ್ಚುಕಡಿಮೆ ಮಾಡುವ ಸ್ವಯಂಚಾಲಿತ ಹೊಂದಾಣಿಕೆಯೇ ಮೇಲೆಂದು ನಾವು ಭಾವಿಸುತ್ತೇವೆ. ದೂರದ ಮರಗಳು ಮರೆಯಾಗಲಿ, ಮೋಡಗಳ ಅಂಚು ಒರಟಾಗಲಿ. ರನ್‌ವೇಯನ್ನೂ ಅದರ ದೀಪಗಳನ್ನೂ ಮಾತ್ರ ಆ ಹೊಂದಾಣಿಕೆ ಮುಟ್ಟಕೂಡದು.