ಮುಂದಿನ ಗಾಜು: ಕಂಪನಿದೋ, ಹೊರಗಿನದೋ?

ಕಾರಿನ ಮುಂದಿನ ಗಾಜು ಬಿರುಕು ಬಿಟ್ಟ ದಿನ ಗ್ಯಾರೇಜಿನಲ್ಲಿ ಕೇಳಿಬರುವ ಮೊದಲ ಪ್ರಶ್ನೆ, “ಕಂಪನಿ ಗ್ಲಾಸ್ ಹಾಕ್ಲಾ ಸಾರ್, ಲೋಕಲ್ ಹಾಕ್ಲಾ?” ಎರಡರ ಬೆಲೆ ಕೇಳಿದ ಮೇಲೆ ಯಾರಿಗಾದರೂ ತಲೆ ಬಿಸಿಯಾಗುತ್ತೆ. ಒಂದರ ದುಡ್ಡಲ್ಲಿ ಇನ್ನೊಂದು ಎರಡು ಮೂರು ಬರುತ್ತೆ ಅಂದ್ರೆ ಸುಮ್ನೆ ತಮಾಷೆನಾ? ಈ ಒಂದೇ ವರ್ಷದಲ್ಲಿ ನಮ್ಮ ಮನೆಯ ಎರಡು ಕಾರುಗಳಿಗೆ ಗಾಜು ಬದಲಾಯಿಸಬೇಕಾಯ್ತು. ಎರಡಕ್ಕೂ ನಾವು ಕೊಟ್ಟ ಉತ್ತರ ಬೇರೆ ಬೇರೆ. ಯಾಕೆ ಅನ್ನೋದನ್ನ ಹೇಳ್ತೀನಿ.

ಮೊದಲು ಆ ‘ಕಂಪನಿ’ ಅನ್ನೋ ಪದವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಕಾರು ಮಾಡುವವರು ಸಾಮಾನ್ಯವಾಗಿ ಗಾಜು ಮಾಡುವುದಿಲ್ಲ. ನಮ್ಮ ದೇಶದಲ್ಲಿ ಅಸಾಹಿ ಇಂಡಿಯಾ, ಸೇಂಟ್ ಗೋಬೇನ್ ಸೆಕ್ಯೂರಿಟ್ ತರಹದವರು ಕಾರು ಕಾರ್ಖಾನೆಗಳಿಗೆ ಗಾಜು ಪೂರೈಸುತ್ತಾರೆ. ಅದೇ ಗಾಜಿನವರು ಬದಲಿ ಗಾಜಿನ ಮಾರುಕಟ್ಟೆಗೂ ಮಾರುತ್ತಾರೆ. ಹಾಗಾಗಿ ನಿಮ್ಮ ಮುಂದೆ ಇರೋದು ಎರಡಲ್ಲ, ಮೂರು ಆಯ್ಕೆ. ಕಾರಿನ ಬ್ರ್ಯಾಂಡಿನ ಗುರುತು ಹೊತ್ತು ಶೋರೂಮಿನ ಸ್ಟೋರಿನಿಂದ ಬರುವ ಗಾಜು ಒಂದು. ಹೆಸರಾಂತ ಗಾಜು ತಯಾರಕರದ್ದೇ ಆದರೂ ಕಾರಿನ ಗುರುತು ಇಲ್ಲದೆ ಹೊರಗೆ ಸಿಗುವುದು ಇನ್ನೊಂದು. ಮೂರನೆಯದು ಯಾರು ಮಾಡಿದ್ದು, ಎಲ್ಲಿಂದ ಬಂತು ಅಂತ ಅಂಗಡಿಯವನಿಗೂ ಸರಿಯಾಗಿ ಗೊತ್ತಿಲ್ಲದ ಗಾಜು. ‘ಲೋಕಲ್’ ಅಂದಾಗ ಎರಡನೆಯದೋ ಮೂರನೆಯದೋ ಅಂತ ಕೇಳಿ ತಿಳ್ಕೊಳ್ಳದಿದ್ರೆ, ಮುಂದಿನ ಲೆಕ್ಕವೆಲ್ಲ ಗಾಳಿಯಲ್ಲೇ.

ಪಕ್ಕದ ಕಿಟಕಿಯ ಗಾಜಿಗೂ ಮುಂದಿನ ಗಾಜಿಗೂ ಸಂಬಂಧವೇ ಇಲ್ಲ. ಕಿಟಕಿಯದು ಸಾಮಾನ್ಯವಾಗಿ ಕಾಯಿಸಿ ತಣಿಸಿ ಗಟ್ಟಿ ಮಾಡಿದ ಗಾಜು, ಒಡೆದರೆ ಕಲ್ಲುಸಕ್ಕರೆಯ ಹಾಗೆ ಪುಡಿಪುಡಿ ಆಗುತ್ತೆ. ಮುಂದಿನದು ಎರಡು ಗಾಜಿನ ಹಾಳೆ, ನಡುವೆ ಪಿವಿಬಿ ಅನ್ನೋ ಪ್ಲಾಸ್ಟಿಕ್ ಪದರ. ಒಡೆದರೂ ಚೂರುಗಳು ಆ ಪದರಕ್ಕೆ ಅಂಟಿಕೊಂಡೇ ಇರ್ತವೆ. ಮುಂದಿನ ಗಾಜು ಹೀಗೇ ಪದರದ್ದಾಗಿರಬೇಕು, ಬೆಳಕಿನಲ್ಲಿ ಕನಿಷ್ಠ ಶೇ. 70 ಒಳಗೆ ಬರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಈ ಮಟ್ಟದ ಸುರಕ್ಷತೆ ಮೊದಲ ಎರಡು ಬಗೆಯ ಗಾಜಿನಲ್ಲೂ ಇರುತ್ತೆ. ನಮ್ಮ ಅಪ್ಪನ ಕಾರು 2011ರದ್ದು. ಗಾಜಿನ ಹಿಂದೆ ಒಳಕನ್ನಡಿ ಮತ್ತು ಅಮ್ಮ ಅಂಟಿಸಿರೋ ಪುಟ್ಟ ಗಣಪತಿ ಬಿಟ್ಟರೆ ಏನೂ ಇಲ್ಲ. ಅದಕ್ಕೆ ಹೆಸರಾಂತ ತಯಾರಕರ ಹೊರಗಿನ ಗಾಜನ್ನೇ ಹಾಕಿಸಿದ್ವಿ. ಅದರ ಬಗ್ಗೆ ಎರಡನೇ ಯೋಚನೆಯೇ ಬರಲಿಲ್ಲ.

ತಕರಾರು ಶುರುವಾಗಿದ್ದು ನಮ್ಮ ಭಾವನ ಕಾರಿನಿಂದ. ಅವರು ಶಿರಾದಲ್ಲಿದ್ದಾರೆ, ಕೆಲಸಕ್ಕಾಗಿ ವಾರಕ್ಕೆ ಎರಡು ಸಲ ಬೆಂಗಳೂರಿಗೆ ಓಡಾಟ. ದಾಬಸ್‌ಪೇಟೆ ಹತ್ತಿರ ಜಲ್ಲಿ ತುಂಬಿದ ಟಿಪ್ಪರಿನಿಂದ ಒಂದು ಕಲ್ಲು ಹಾರಿ ಬಂತು. ಸಂಜೆ ಹೊತ್ತಿಗೆ ಬಿರುಕು ಗಾಜಿನ ಈ ಮೂಲೆಯಿಂದ ಆ ಮೂಲೆಗೆ ಹಬ್ಬಿತ್ತು. (ಕಲೆ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾಗಿ, ಓಡಿಸುವವರ ಕಣ್ಣೆದುರಿಗೆ ಬಾರದ ಜಾಗದಲ್ಲಿದ್ದರೆ ರಾಳ ತುಂಬಿಸಿ ಉಳಿಸಿಕೊಳ್ಳಬಹುದು. ಅದಕ್ಕೆ ತಡ ಮಾಡಬಾರದು ಅಷ್ಟೇ.) ಶೋರೂಮಿನವರು 27 ಸಾವಿರ ಅಂದರು, ಹೊರಗಿನ ಅಂಗಡಿ 10 ಸಾವಿರ.

“ಏನಪ್ಪಾ ಇಂಜಿನಿಯರ್ರೇ, ಗಾಜು ಗಾಜೇ ಅಲ್ವಾ? 17 ಸಾವಿರ ಯಾಕೆ ಜಾಸ್ತಿ ಕೊಡ್ಬೇಕು?” ಅಂತ ಭಾವ ಫೋನ್ ಮಾಡಿದರು.

“ಭಾವ, ನಿಮ್ಮ ಕಾರಲ್ಲಿ ಅದು ಬರೀ ಗಾಜಲ್ಲ, ಕ್ಯಾಮೆರಾದ ಕನ್ನಡಕ” ಅಂದೆ.

ಅವರದು ಎಡಾಸ್ ಇರುವ ಕಾರು. ಅಂದರೆ ಲೇನು ತಪ್ಪಿದರೆ ಎಚ್ಚರಿಸುತ್ತೆ, ಮುಂದೆ ಏನಾದರೂ ಅಡ್ಡ ಬಂದರೆ ತಾನೇ ಬ್ರೇಕ್ ಹಾಕುತ್ತೆ. ಇದಕ್ಕೆಲ್ಲ ಕಣ್ಣು ಅಂದ್ರೆ ಒಳಕನ್ನಡಿಯ ಹಿಂದೆ ಗಾಜಿಗೆ ಒತ್ತಿಕೊಂಡಿರುವ ಕ್ಯಾಮೆರಾ. ಆ ಭಾಗದಲ್ಲಿ ಗಾಜಿನ ದಪ್ಪ, ಬಾಗು, ಕ್ಯಾಮೆರಾ ಕೂರುವ ಬ್ರಾಕೆಟ್ಟು ಒಂದಿಷ್ಟು ಆಚೀಚೆ ಆದರೂ ನೋಟ ಓರೆಯಾಗುತ್ತೆ. ಎಷ್ಟು ಓರೆ ಅಂತ ಭಾವನಿಗೆ ಲೆಕ್ಕ ಹಾಕಿ ತೋರಿಸಿದೆ. ಕ್ಯಾಮೆರಾ ಬರೀ ಒಂದು ಡಿಗ್ರಿ ವಾರೆಯಾದರೆ 50 ಮೀಟರ್ ದೂರದಲ್ಲಿ ಅದರ ಅಂದಾಜು 87 ಸೆಂಟಿಮೀಟರ್ ತಪ್ಪುತ್ತೆ. 100 ಮೀಟರ್‌ಗೆ 1.75 ಮೀಟರ್. ನಮ್ಮ ಹೆದ್ದಾರಿಯ ಒಂದು ಲೇನಿನ ಅಗಲ 3.5 ಮೀಟರ್. ಅಲ್ಲಿಗೆ ಅರ್ಧ ಲೇನು ಹೋಯ್ತು! ಪಕ್ಕದ ಲೇನಿನ ಲಾರಿ ನಮ್ಮ ಮುಂದಿದೆ ಅಂತ ಕಾರು ತಿಳ್ಕೊಳ್ಳಬಹುದು. ಅದಕ್ಕಿಂತ ಕೆಟ್ಟದ್ದು, ನಮ್ಮ ಮುಂದಿರೋದನ್ನ ಪಕ್ಕದ್ದು ಅಂತ ತಿಳ್ಕೊಳ್ಳಬಹುದು. ಶನಿವಾರ ರಾತ್ರಿ ಅಕ್ಕ, ಮಗು ಇಬ್ಬರನ್ನೂ ಕೂರಿಸಿಕೊಂಡು ಅವರು ಬರೋದು ಆ ರಸ್ತೆಯಲ್ಲೇ. ಭಾವ ಆಮೇಲೆ 17 ಸಾವಿರದ ಮಾತು ಎತ್ತಲಿಲ್ಲ.

ಹಾಗಂತ ದುಬಾರಿ ಗಾಜು ಹಾಕಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಯಾವ ಗಾಜೇ ಹಾಕಲಿ, ಕ್ಯಾಮೆರಾಗೆ ಹೊಸದಾಗಿ ದಿಕ್ಕು ಕಲಿಸಬೇಕು. ಇದಕ್ಕೆ ಕ್ಯಾಲಿಬ್ರೇಷನ್ ಅಂತಾರೆ. ಕೆಲವು ಕಾರುಗಳಿಗೆ ಸಮತಟ್ಟಾದ ಜಾಗದಲ್ಲಿ, ಅಳೆದಿಟ್ಟ ದೂರದಲ್ಲಿ ಗುರುತಿನ ಹಲಗೆ ನಿಲ್ಲಿಸಿ ಮಾಡ್ತಾರೆ. ಕೆಲವಕ್ಕೆ ಸ್ಕ್ಯಾನರ್ ಜೋಡಿಸಿ, ಲೇನಿನ ಗೆರೆ ಸ್ಪಷ್ಟ ಇರುವ ರಸ್ತೆಯಲ್ಲಿ ಓಡಿಸಬೇಕು. ಎರಡೂ ಬೇಕಾದ ಕಾರುಗಳೂ ಇವೆ. ಭಾವ ಕಾರು ಬಿಟ್ಟಿದ್ದ ಸರ್ವೀಸ್ ಸೆಂಟರಿನಲ್ಲಿ, “ಡ್ಯಾಶ್‌ಬೋರ್ಡಲ್ಲಿ ಯಾವ ಲೈಟೂ ಬಂದಿಲ್ಲ ಸಾರ್, ಅದೆಲ್ಲ ಬೇಡ” ಅಂದುಬಿಟ್ಟರು. ನನ್ನ ಕಸುಬಿನಲ್ಲಿ ಈ ಮಾತು ದಿನಾ ಕೇಳ್ತೀನಿ. ಪ್ರೋಗ್ರಾಂ ಎರರ್ ಕೊಡಲಿಲ್ಲ ಅಂದ್ರೆ ಉತ್ತರ ಸರಿ ಬಂತು ಅಂತಲ್ಲ. ಕ್ಯಾಮೆರಾ ವಾರೆಯಾಗಿದ್ದೂ ತಾನು ನೆಟ್ಟಗಿದ್ದೀನಿ ಅಂದ್ಕೊಂಡಿದ್ದರೆ ಯಾವ ದೀಪ ತಾನೇ ಹತ್ತುತ್ತೆ? ಕಾರಿನ ಕೈಪಿಡಿ ತೆಗೆದು ಆ ಪುಟ ತೋರಿಸಿದ ಮೇಲೆ ಒಪ್ಪಿದರು. ಮರುದಿನ ಮಾಡಿಸಿ, ವರದಿಯ ಪ್ರಿಂಟನ್ನೂ ಇಸ್ಕೊಂಡ್ವಿ. ನೀವೂ ಇಸ್ಕೊಳ್ಳಿ.

ಕ್ಯಾಮೆರಾ ಇಲ್ಲದ ಕಾರಲ್ಲೂ ಗಾಜಿಗೆ ಬೇರೆ ಬೇರೆ ಕೆಲಸ ಇರಬಹುದು. ತಾನೇ ಓಡುವ ವೈಪರ್ ಇದ್ದರೆ, ಅದರ ಸೆನ್ಸರ್ ಗಾಜಿನೊಳಕ್ಕೆ ಅವಗೆಂಪು ಬೆಳಕು ಬಿಟ್ಟು ಎಷ್ಟು ವಾಪಸ್ ಬಂತು ಅಂತ ನೋಡುತ್ತೆ. ಹನಿ ಬಿದ್ದ ಕಡೆ ಬೆಳಕು ಸೋರಿ ಹೋಗುತ್ತೆ. ಸೆನ್ಸರಿಗೂ ಗಾಜಿಗೂ ನಡುವೆ ಗಾಳಿಗುಳ್ಳೆ ನಿಂತರೆ ಬಿಸಿಲಲ್ಲೂ ವೈಪರ್ ಕುಣಿಯಬಹುದು. ವೇಗವನ್ನು ಗಾಜಿನ ಮೇಲೇ ತೋರಿಸುವ ಕಾರುಗಳ ಗಾಜಿನಲ್ಲಿ ನಡುವಿನ ಪದರ ಮೇಲೆ ದಪ್ಪ, ಕೆಳಗೆ ತೆಳು ಇರುತ್ತೆ. ಸಾದಾ ಗಾಜು ಹಾಕಿದರೆ ಅಂಕಿ ಎರಡೆರಡಾಗಿ ಕಾಣುತ್ತೆ. ಸದ್ದು ತಡೆಯುವ ಪದರ ಇನ್ನು ಕೆಲವಕ್ಕೆ. ಇಂಥವಿದ್ದರೆ ಕಾರಿನ ಮಾಡೆಲ್ ಹೆಸರು ಹೇಳಿ ಗಾಜು ತರಿಸಿದರೆ ಸಾಲದು. ಒಂದೇ ಮಾಡೆಲ್ಲಿನ ಟಾಪ್ ಎಂಡಿಗೂ ಬೇಸಿಗೂ ಗಾಜು ಬೇರೆ ಇರಬಹುದು. ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ.

ಗಾಜಿನ ಕೆಳಮೂಲೆಯಲ್ಲಿ ಸಣ್ಣ ಅಕ್ಷರದ ಮುದ್ರೆ ಇರುತ್ತೆ. ತಯಾರಕರ ಹೆಸರು, ಐಎಸ್‌ಐ ಗುರುತು ಅಲ್ಲೇ. ಹೊಸ ಗಾಜು ಕೂರಿಸುವ ಮೊದಲೇ ಅದನ್ನ ಓದಿ, ಫೋಟೋ ತೆಗೆದಿಟ್ಟುಕೊಳ್ಳಿ. ಕೂರಿಸಿದ ಮೇಲೆ ಓದಿದರೆ ಜಗಳಕ್ಕೆ ಮಾತ್ರ ಉಪಯೋಗ.

ಇಷ್ಟು ಹೇಳಿದರೂ, ನನ್ನ ಕೇಳಿದರೆ ಗಾಜಿಗಿಂತ ಅದನ್ನು ಕೂರಿಸುವ ಕೈ ಮುಖ್ಯ. ಈಗಿನ ಗಾಜು ಬಾಡಿಗೆ ಪಾಲಿಯುರೇಥೇನ್ ಅಂಟಿನಿಂದ ಬೆಸೆದುಕೊಂಡಿರುತ್ತೆ. ಕಾರು ಮಗುಚಿದರೆ ಟಾಪು ಕುಸಿಯದಂತೆ ಆ ಗಾಜೂ ಒಂದು ಕೈ ಹಿಡಿಯುತ್ತೆ. ಎಷ್ಟೋ ಕಾರುಗಳಲ್ಲಿ ಎಡಗಡೆ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಗಾಜಿಗೇ ಒರಗಿ ನಿಲ್ಲುತ್ತೆ. ಅಂಟು ಒಣಗಿಲ್ಲ ಅಂದ್ರೆ ಏರ್‌ಬ್ಯಾಗು ಗಾಜನ್ನೇ ಆಚೆ ತಳ್ಳಬಹುದು. ಆದ್ದರಿಂದ “ಅರ್ಧ ಗಂಟೆ ಸಾರ್, ತಗೊಂಡ್ ಹೋಗಿ” ಅನ್ನುವವರ ಹತ್ತಿರ ಅಂಟಿನ ಟ್ಯೂಬು ತೋರಿಸಿ ಅಂತ ಕೇಳಿ. ಅದರ ಅವಧಿ ಮುಗಿದಿದೆಯಾ, ಎಷ್ಟು ಹೊತ್ತಾದ ಮೇಲೆ ಓಡಿಸಬಹುದು ಅಂತ ಅದರಲ್ಲೇ ಇರುತ್ತೆ. ಹಳೇ ಅಂಟು ಕೆತ್ತುವಾಗ ಬಣ್ಣ ಎದ್ದರೆ ಅಲ್ಲಿ ಪ್ರೈಮರ್ ಹಚ್ಚಲೇಬೇಕು, ಇಲ್ಲದಿದ್ರೆ ಒಂದೆರಡು ಮಳೆಗಾಲದಲ್ಲಿ ತುಕ್ಕು. ಮೊದಲ ದಿನ ಬಾಗಿಲು ದಢಾರ್ ಅಂತ ಹಾಕಬೇಡಿ, ಒಂದು ಕಿಟಕಿ ಬೆರಳಷ್ಟು ತೆಗೆದಿಡಿ. ಪ್ರೆಷರ್ ವಾಷಿಂಗೂ ಸದ್ಯಕ್ಕೆ ಬೇಡ.

ಇನ್ನು ದುಡ್ಡು. ಬರೀ ಥರ್ಡ್ ಪಾರ್ಟಿ ಇದ್ದರೆ ವಿಮೆಯಿಂದ ಏನೂ ಬರಲ್ಲ. ಸಮಗ್ರ ವಿಮೆ ಇದ್ದರೆ ಒಂದು ಒಳ್ಳೆ ಸುದ್ದಿ: ರಬ್ಬರು, ಪ್ಲಾಸ್ಟಿಕ್ಕಿಗೆ ಶೇ. 50 ಸವಕಳಿ ಕಡಿಯುವ ಪಾಲಿಸಿಯಲ್ಲೂ ಗಾಜಿಗೆ ಸವಕಳಿ ಇಲ್ಲ. ಕಡ್ಡಾಯ ಕಡಿತ 1500 ಸಿಸಿವರೆಗೆ 1000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2000. ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತೆ. ಅದು ಐದು ವರ್ಷಕ್ಕೆ ಶೇ. 50ರವರೆಗೆ ಬೆಳೆದಿರುತ್ತೆ. ಗಾಜಿನ ಕ್ಲೇಮಿಗೆ ಬೋನಸ್ ಉಳಿಯುತ್ತಾ ಅಂತ ನಿಮ್ಮ ಪಾಲಿಸಿ ನೋಡಿ. ಅಪ್ಪನ ಕಾರಿಗೆ ಕ್ಲೇಮ್ ಮಾಡದೆ ಕೈಯಿಂದಲೇ ಕೊಟ್ಟಿದ್ದು ಲಾಭವಾಯ್ತು, ಭಾವ ಕ್ಲೇಮ್ ಮಾಡಿದ್ದು ಲಾಭವಾಯ್ತು.

ಕೊನೆಗೆ ಎಲ್ಲರೂ ಮರೆಯೋದು ಫಾಸ್ಟ್ಯಾಗ್. ಹಳೇ ಗಾಜಿನ ಜೊತೆ ಅದೂ ಹೋಗುತ್ತೆ, ಕಿತ್ತು ಹೊಸದಕ್ಕೆ ಅಂಟಿಸೋಣ ಅಂದ್ರೆ ಹರಿದು ಕೆಲಸಕ್ಕೆ ಬಾರದ ಹಾಗೆ ಮಾಡಿರ್ತಾರೆ. ಕೊಟ್ಟ ಬ್ಯಾಂಕಿಗೇ ಹೇಳಿ ಬದಲಿ ಟ್ಯಾಗ್ ತರಿಸಬೇಕು. ಶಾಖ ತಡೆಯಲು ಲೋಹದ ಲೇಪ ಕೊಟ್ಟಿರುವ ಗಾಜಾದರೆ ರೇಡಿಯೋ ಅಲೆ ದಾಟಲು ಲೇಪ ಬಿಟ್ಟ ಜಾಗವೊಂದಿರುತ್ತೆ, ಟ್ಯಾಗು ಅಲ್ಲೇ ಇರಬೇಕು. ಗಾಜಿಗೆ ಕಾರು ಬಿಡುವ ಮುನ್ನವೇ ಬ್ಯಾಂಕಿಗೆ ಅರ್ಜಿ ಹಾಕಿಬಿಡಿ, ಟ್ಯಾಗು ಮನೆಗೆ ಬರೋಕೆ ಕೆಲವು ದಿನ ಹಿಡಿಯುತ್ತೆ.