ಹತ್ತು ಸೆಕೆಂಡಿನ ಸೋಲು ಒಬ್ಬನ ತಲೆಗೆ

ಹೀನಾಯವಾಗಿ ಸೋತ ಪಂದ್ಯವನ್ನು ಅಭಿಮಾನಿ ಬೇಗ ಮರೆಯುತ್ತಾನೆ. ಅಂಥ ಸೋಲಿನಲ್ಲಿ ಲೆಕ್ಕ ಹಾಕುವುದಕ್ಕೆ ಏನೂ ಉಳಿದಿರುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದ ಪಂದ್ಯ ಮಾತ್ರ ವರ್ಷಗಟ್ಟಲೆ ಕಾಡುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿದವರಿಗೆ (ಅವರಲ್ಲಿ ಕನ್ನಡಿಗರೂ ಇದ್ದಾರೆ, ಈ ಲೇಖಕನೂ ಒಬ್ಬ) 2015ರ ಅಕ್ಟೋಬರ್ 17 ಅಂಥ ದಿನ.

ಅಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಗೋಡೆಯನ್ನು ಸೀಳಿಕೊಂಡು ಓಡುವ ಆಟ. ಕಾಲೇಜು ಪಂದ್ಯವೆಂದರೆ ಖಾಲಿ ಗ್ಯಾಲರಿಯ ಎದುರು ನಡೆಯುವ ನಮ್ಮ ಅಂತರ ಕಾಲೇಜು ಪಂದ್ಯವೂ ಅಲ್ಲ. ಆನ್ ಆರ್ಬರ್ ಪಟ್ಟಣದ ಜನಸಂಖ್ಯೆ ಒಂದೂಕಾಲು ಲಕ್ಷದ ಆಸುಪಾಸು. 1927ರಲ್ಲಿ ತೆರೆದ ಅಲ್ಲಿನ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಮಂದಿ ಕೂರಬಹುದು. ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ ಮಿಷಿಗನ್ ಸ್ಟೇಟ್ ಬದ್ಧ ಎದುರಾಳಿ. ಈ ಎರಡರ ಪಂದ್ಯವೆಂದರೆ ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಪಕ್ಷ ವಹಿಸಿ ಕೂರುವ ದಿನ.

ಅಂದು ಮಿಷಿಗನ್ 23–21ರಿಂದ ಮುಂದಿತ್ತು. ಉಳಿದಿದ್ದುದು ಹತ್ತು ಸೆಕೆಂಡು. ಅಲ್ಲಿಯವರೆಗೆ ಎದುರಾಳಿ ಒಮ್ಮೆಯೂ ಮುನ್ನಡೆ ಪಡೆದಿರಲಿಲ್ಲ. ಚೆಂಡನ್ನು ದೂರಕ್ಕೆ ಒದ್ದುಬಿಟ್ಟರೆ ಆಟ ಮುಗಿಯಿತು. ಒದೆಯಬೇಕಾದವನು ಆಸ್ಟ್ರೇಲಿಯಾದಿಂದ ಬಂದಿದ್ದ ವಿದ್ಯಾರ್ಥಿ ಬ್ಲೇಕ್ ಓ'ನೀಲ್. ಚೆಂಡು ತಗ್ಗಾಗಿ ಬಂತು, ಕೈಜಾರಿತು. ಎತ್ತಿಕೊಳ್ಳುವಷ್ಟರಲ್ಲಿ ಎದುರಾಳಿಗಳು ಮೇಲೆರಗಿದರು. ಸಿಡಿದ ಚೆಂಡು ಜೇಲೆನ್ ವಾಟ್ಸ್-ಜಾಕ್ಸನ್ ಕೈ ಸೇರಿತು. ಆತ 38 ಗಜ ಓಡಿ ಗೆರೆ ದಾಟುವಾಗ ಗಡಿಯಾರ ಸೊನ್ನೆ ತೋರಿಸುತ್ತಿತ್ತು. 27–23. ಗೆಲ್ಲಿಸಿದವನ ಪಾಡೂ ಸುಖದ್ದಲ್ಲ: ಆ ಓಟದ ಕೊನೆಯಲ್ಲಿ ಅವನ ಸೊಂಟದ ಕೀಲು ತಪ್ಪಿತು, ಶಸ್ತ್ರಚಿಕಿತ್ಸೆ ಬೇಕಾಯಿತು.

ಆ ಸಂಜೆಯಿಂದ ಎಲ್ಲ ದೋಷವೂ ಒಬ್ಬನ ತಲೆಗೆ ಕಟ್ಟಲ್ಪಟ್ಟಿತು. ಆದರೆ ಲೆಕ್ಕವನ್ನು ಸರಿಯಾಗಿ ಹಾಕೋಣ. ಅದೇ ಓ'ನೀಲ್ ಅದೇ ಪಂದ್ಯದಲ್ಲಿ ಚೆಂಡನ್ನು 80 ಗಜ ದೂರಕ್ಕೆ ಒದ್ದಿದ್ದ. ಅದನ್ನು ನೆನೆಯುವವರು ವಿರಳ. ಅದಕ್ಕೆ ಮುಂಚಿನ ಯತ್ನಗಳಲ್ಲಿ ಇನ್ನೆರಡು ಗಜ ಗಳಿಸಿದ್ದರೆ ಒದೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಆ ಎರಡು ಗಜ ಗಳಿಸಲಾಗದವರು ಬೇರೆಯವರು. ಎದುರಾಳಿ ತಂಡ ಚೆಂಡು ಹಿಡಿಯಲು ಹಿಂದೆ ಒಬ್ಬನನ್ನೂ ನಿಲ್ಲಿಸದೆ ಎಲ್ಲರನ್ನೂ ಮುನ್ನುಗ್ಗಿಸಲು ಸಜ್ಜಾಗಿದ್ದಾಗಲೂ, ಮಿಷಿಗನ್ನಿನ ಇಬ್ಬರು ಆಟಗಾರರು ಮೈದಾನದ ಅಂಚುಗಳಲ್ಲಿಯೇ ಉಳಿದರು. ಒದೆಯುವವನ ರಕ್ಷಣೆಗೆ ಅವರನ್ನು ಒಳಗೆ ಕರೆಯಬೇಕಾದುದು ತರಬೇತಿಯ ಬಳಗದ ಕೆಲಸ. ಮುಖ್ಯ ತರಬೇತುದಾರ ಜಿಮ್ ಹಾರ್ಬಾ ಅವರ ಸಂಭಾವನೆ ವರ್ಷಕ್ಕೆ ಸುಮಾರು 50 ಲಕ್ಷ ಡಾಲರ್. ಓ'ನೀಲ್‌ಗೆ ಸಂಬಳವೇ ಇರಲಿಲ್ಲ. ವಿದ್ಯಾರ್ಥಿ ಆಟಗಾರನಿಗೆ ಸಂಬಳ ಕೊಡುವುದನ್ನು ಅಂದಿನ ನಿಯಮ ನಿಷೇಧಿಸಿತ್ತು.

ಅವನಿಗೆ ದೊರೆತದ್ದು ಸಾಮಾಜಿಕ ಜಾಲತಾಣಗಳಲ್ಲಿ ಹರಿದುಬಂದ ಬೈಗುಳ. ಸಾಯಿ ಎಂದು ಬರೆದವರೂ ಇದ್ದರು. ವಿಶ್ವವಿದ್ಯಾಲಯದ ಹಂಗಾಮಿ ಕ್ರೀಡಾ ನಿರ್ದೇಶಕರಾಗಿದ್ದ ಜಿಮ್ ಹ್ಯಾಕೆಟ್ ಬಹಿರಂಗ ಪತ್ರ ಬರೆದು, ಈ ಹುಡುಗನ ಬೆನ್ನಿಗೆ ನಿಲ್ಲಿ ಎಂದು ಅಭಿಮಾನಿಗಳನ್ನು ಕೇಳಿಕೊಳ್ಳಬೇಕಾಯಿತು. ಪದವೀಧರರ ಬಳಗಕ್ಕೆ ಅಂಥದೊಂದು ಪತ್ರ ಬೇಕಾಯಿತೆಂಬುದೇ ಆ ಸೋಲಿಗಿಂತ ನಾಚಿಕೆಗೇಡು.

ನಮಗೂ ಇಂಥ ನೆನಪುಗಳಿವೆ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ, ಅದೂ ವಿಶ್ವವಿದ್ಯಾಲಯದ ಮೈದಾನವೇ, ಕರ್ನಾಟಕ ಮುಂಬೈ ಎದುರು ರಣಜಿ ಫೈನಲ್ ಸೋತದ್ದು ಬರೀ ಆರು ರನ್‌ಗಳಿಂದ. ಆ ಪಂದ್ಯವನ್ನು ಇಂದು ನೆನೆಯುವವರು ಮನೀಶ್ ಪಾಂಡೆಯ 144 ರನ್‌ಗಳನ್ನು ನೆನೆಯುತ್ತಾರೆ. ಕೊನೆಗೆ ಔಟಾದವನ ಹೆಸರು ಹಿಡಿದು ಶಪಿಸಿದ್ದನ್ನು ನಾನಂತೂ ಕೇಳಿಲ್ಲ. ನಾವೇನೂ ಅಮೆರಿಕನ್ನರಿಗಿಂತ ಸಾತ್ವಿಕರಲ್ಲ. ವಿಶ್ವಕಪ್ ಸೋತಾಗ ಆಟಗಾರರ ಮನೆಗೆ ಕಲ್ಲು ಬಿದ್ದ ದೇಶ ನಮ್ಮದು.

ಆ ಸೋಲಿಗೆ ದಶಕ ಕಳೆದಿದೆ. 2024ರ ಜನವರಿಯಲ್ಲಿ ಮಿಷಿಗನ್ ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದಿತು. ಈ ನಡುವೆ ಆಟದ ವ್ಯವಹಾರವೇ ಬದಲಾಯಿತು. ಆಟಗಾರರು ತಮ್ಮ ಹೆಸರು, ಭಾವಚಿತ್ರ ಬಳಸಿ ಹಣ ಗಳಿಸಲು 2021ರಲ್ಲಿ ಅನುಮತಿ ದೊರೆಯಿತು. 2025ರಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಇದು ನ್ಯಾಯವೇ, ತಡವಾಗಿ ಬಂದ ನ್ಯಾಯ. ಆದರೆ ‘ಈಗ ಹಣ ಪಡೆಯುತ್ತಾರಲ್ಲ, ಬೈಸಿಕೊಳ್ಳಲಿ ಬಿಡಿ’ ಎಂಬ ವಾದವೂ ಜೊತೆಗೇ ಹುಟ್ಟಿದೆ. ಟಿಕೆಟ್ ಕೊಂಡವನಿಗೆ ಆಟ ನೋಡುವ ಹಕ್ಕಿದೆ. ಇಪ್ಪತ್ತರ ಹರೆಯದ ಹುಡುಗನ ಜೀವ ಹಿಂಡುವ ಹಕ್ಕು ಯಾವ ಟಿಕೆಟ್ಟಿನ ಬೆನ್ನಲ್ಲೂ ಮುದ್ರಿತವಾಗಿಲ್ಲ.

ಇನ್ನೊಂದು ಅಪಾಯ ಬಾಜಿಯದು. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕ್ರೀಡಾ ಬಾಜಿಗೆ ರಾಜ್ಯಗಳ ಬಾಗಿಲು ತೆರೆಯಿತು. ಈಗ ಚೆಂಡು ಕೈಜಾರಿದರೆ ಅಭಿಮಾನಿಯ ಮನಸ್ಸು ಮಾತ್ರವಲ್ಲ, ಯಾರದೋ ಜೇಬೂ ಬರಿದಾಗುತ್ತದೆ. ಆ ಸಿಟ್ಟು ನೇರ ಆಟಗಾರನ ಮೊಬೈಲ್‌ಗೆ ಹೋಗುತ್ತದೆ. ಕಾಲೇಜು ಆಟಗಾರರ ವೈಯಕ್ತಿಕ ಸಾಧನೆಯ ಮೇಲೆ ಬಾಜಿ ಕಟ್ಟುವುದನ್ನು ನಿಷೇಧಿಸಿ ಎಂದು ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆಯ ಅಧ್ಯಕ್ಷ ಚಾರ್ಲಿ ಬೇಕರ್ 2024ರಲ್ಲಿ ರಾಜ್ಯಗಳನ್ನು ಕೋರಿದರು. ಆ ಕೋರಿಕೆಗೆ ಮೊದಲು ದನಿಗೂಡಿಸಬೇಕಾದವರು ಅಭಿಮಾನಿಗಳು, ಅದರಲ್ಲೂ ಆನ್ ಆರ್ಬರ್‌ನಲ್ಲಿ ಓದಿ ಬಂದವರು. ಆ ಹತ್ತು ಸೆಕೆಂಡುಗಳ ಬಳಿಕ ಏನೇನಾಯಿತೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.